ಕುಲ್ಕಿಯ ದಡದಲ್ಲಿ

ನಿನ್ನೆ ಮಾಸ್‌ಮನ್ ಕಣಿವೆಯಲ್ಲಿ ಕಾಡಿಗೆ ಕಾಲಿಡುವ ಮೊದಲು ಹೊಗೆ ಹಾಕಿ ನಮ್ಮನ್ನು ಬರಮಾಡಿಕೊಂಡರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಈ ಮಳೆಕಾಡಿನ ಮೂಲನಿವಾಸಿಗಳು, ಕುಕು ಯಲಂಜಿ ಜನ. ದಾರಿ ತೋರಿಸುತ್ತಿದ್ದ ಹಿರಿಯರು ಒಂದು ಎಲೆ ಕಿತ್ತು, ನೀರು ಚಿಮುಕಿಸಿ ಅಂಗೈಯಲ್ಲಿ ಉಜ್ಜಿದರು. ಬೆಳ್ಳಗೆ ನೊರೆ! ನನಗೆ ಅಜ್ಜಿಯ ಅಂಟುವಾಳಕಾಯಿ ನೆನಪಾಯಿತು. ಬ್ಲ್ಯಾಕ್ ಬೀನ್ ಮರದ ಬೀಜ ಹಾಗೇ ತಿಂದರೆ ವಿಷವಂತೆ. ಸುಟ್ಟು, ತೆಳ್ಳಗೆ ಹೆಚ್ಚಿ, ಹರಿಯೋ ನೀರಲ್ಲಿ ದಿನಗಟ್ಟಲೆ ಇಟ್ಟರೆ ಅದೇ ಊಟ. ಇದನ್ನು ಕಂಡುಕೊಳ್ಳೋಕೆ ಎಷ್ಟು ತಲೆಮಾರು ಬೇಕಾಯಿತೋ ಅಂತ ಯೋಚಿಸುತ್ತಲೇ ಇದ್ದೀನಿ.

ಇವತ್ತು ಕೇಪ್ ಟ್ರಿಬ್ಯುಲೇಷನ್. ಕಾಡು ಗುಡ್ಡ ಇಳಿದು ಬಂದು ಕಡಲತಡಿಯ ಮರಳನ್ನೇ ಮುಟ್ಟುತ್ತೆ, ಆಚೆಗೆ ಹವಳದ ದಿಬ್ಬಗಳು. 1770ರಲ್ಲಿ ತನ್ನ ಹಡಗು ಆ ದಿಬ್ಬಕ್ಕೆ ಬಡಿದಾಗ, ನಮ್ಮ ಕಷ್ಟ (ಟ್ರಿಬ್ಯುಲೇಷನ್) ಇಲ್ಲಿಂದ ಶುರುವಾಯಿತು ಅಂತ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್ ಈ ಹೆಸರಿಟ್ಟ. ಇಲ್ಲಿಯವರಿಗೆ ಮಾತ್ರ ಇದು ಎಂದಿನಿಂದಲೂ ಕುಲ್ಕಿ. 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ಡೇನ್‌ಟ್ರೀ ಮಳೆಕಾಡು ಸೇರಿದಂತೆ 1,60,000 ಹೆಕ್ಟೇರಿಗೂ ಹೆಚ್ಚು ನೆಲದ ಒಡೆತನ ಪೂರ್ವ ಭಾಗದ ಕುಕು ಯಲಂಜಿಯವರಿಗೆ ಮರಳಿತು. ಓದಿದ್ದೆ. ಆದರೆ ಆ ನೆಲದ ಮೇಲೆ ನಿಂತು, ಅವರ ಬಾಯಿಂದಲೇ ಕೇಳಿದಾಗ ಗಂಟಲು ಕಟ್ಟಿತು.

ಅಂಗಿಯಲ್ಲಿ ಇನ್ನೂ ನಿನ್ನೆಯ ಹೊಗೆಯ ವಾಸನೆ. ಒಗೆಯೋಕೆ ಮನಸ್ಸಾಗ್ತಿಲ್ಲ.