ಮೊದಲ ಎಚ್‌ಟಿಎಂಎಲ್ ಪುಟ ಕನ್ನಡದಲ್ಲೇ ಇರಲಿ

ಜಾಲಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಕಲಿಯಲು ಕೂತವರು ಸಾಮಾನ್ಯವಾಗಿ 'ಹಲೋ ವರ್ಲ್ಡ್' ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಶುರು ಮಾಡುತ್ತಾರೆ. ಇಂಗ್ಲಿಷ್ ಪುಟದಲ್ಲಿ ಕೆಲವು ತಪ್ಪುಗಳು ವರ್ಷಗಟ್ಟಲೆ ಅಡಗಿ ಕೂರಬಲ್ಲವು. ಕನ್ನಡದಲ್ಲಿ ಬರೆದರೆ ಅವು ಮೊದಲ ದಿನವೇ ಕಣ್ಣಿಗೆ ಬೀಳುತ್ತವೆ. ಹಾಗಾಗಿ ನೀರ್ ದೋಸೆ ಮಾಡುವ ವಿಧಾನವನ್ನೇ ಒಂದು ಪುಟವಾಗಿ ಬರೆಯೋಣ. ಶೀರ್ಷಿಕೆ, ಸಾಮಾನಿನ ಪಟ್ಟಿ, ಹಂತಗಳು, ಒಂದು ಚಿತ್ರ, ಒಂದು ಕೊಂಡಿ ಇದ್ದರೆ ಮೂಲಪಾಠ ಬಹುಮಟ್ಟಿಗೆ ಮುಗಿದಂತೆ.

ಪುಟದ ಒಂದೊಂದು ಭಾಗ ಏನೆಂದು ಬ್ರೌಸರ್‌ಗೆ ಹೇಳುವ ಗುರುತುಗಳೇ ಟ್ಯಾಗ್‌ಗಳು. ಅವುಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ. ಕಡತದಲ್ಲಿ ಮಾತ್ರ ಅವನ್ನು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ, ಗಣಿತದ 'ಕಡಿಮೆ', 'ಹೆಚ್ಚು' ಚಿಹ್ನೆಗಳ ನಡುವೆ ಟೈಪ್ ಮಾಡಬೇಕು. ಮುಚ್ಚುವ ಟ್ಯಾಗ್‌ನಲ್ಲಿ ಹೆಸರಿಗೆ ಮೊದಲು ಒಂದು ಓರೆಗೆರೆ ಬರುತ್ತದೆ.

ನೋಟ್‌ಪ್ಯಾಡ್ ತೆರೆದು, ಏನನ್ನೂ ಬರೆಯುವ ಮೊದಲೇ ಕಡತವನ್ನು ಡಾಟ್ ಎಚ್‌ಟಿಎಂಎಲ್ ಎಂದು ಮುಗಿಯುವ ಹೆಸರಿನಲ್ಲಿ ಉಳಿಸಿ. 'ಸೇವ್ ಆ್ಯಸ್' ಕಿಟಕಿಯಲ್ಲಿ ಬಗೆ 'ಆಲ್ ಫೈಲ್ಸ್' ಎಂದಿರಲಿ. ಇಲ್ಲದಿದ್ದರೆ ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಸೇರಿಕೊಳ್ಳಬಹುದು. ವಿಂಡೋಸ್ ಆ ಬಾಲವನ್ನು ಬಚ್ಚಿಡುವುದರಿಂದ ಹೆಸರು ಸರಿಯಾಗಿಯೇ ಕಾಣುತ್ತದೆ, ಪುಟ ಮಾತ್ರ ಬರೀ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಅದೇ ಕಿಟಕಿಯಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ರೀತಿ) ಯುಟಿಎಫ್-8 ಇದೆಯೇ ನೋಡಿ. 2019ರ ನಂತರದ ವಿಂಡೋಸ್ 10ರಲ್ಲಿ ಅದು ತಾನಾಗಿಯೇ ಇರುತ್ತದೆ. ಹಳೆಯದರಲ್ಲಿ ಕನ್ನಡಕ್ಕೆ ಜಾಗವಿಲ್ಲದ ಹಳೆಯ ಎನ್‌ಕೋಡಿಂಗ್ ಆದ ಆನ್ಸಿ ಇರುತ್ತದೆ. ಆನ್ಸಿಯಲ್ಲಿ ಉಳಿಸಿದರೆ ಕನ್ನಡದ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಆ ಕಡತದಿಂದ ಅವನ್ನು ಮರಳಿ ಪಡೆಯಲಾಗದು.

ಮೊದಲ ಸಾಲು, ಇದು ಎಚ್‌ಟಿಎಂಎಲ್ ಪುಟ ಎಂದು ಸಾರುವ ಡಾಕ್‌ಟೈಪ್ ಘೋಷಣೆ. ಅದಿಲ್ಲದಿದ್ದರೆ ಬ್ರೌಸರ್ 1990ರ ದಶಕದ ಬ್ರೌಸರ್‌ಗಳ ವರ್ತನೆಗೆ ಮರಳಿ ಅಳತೆಗಳನ್ನು ಬೇರೆ ರೀತಿ ಲೆಕ್ಕ ಹಾಕುತ್ತದೆ. ನಂತರ ಎಚ್‌ಟಿಎಂಎಲ್ ಟ್ಯಾಗ್. ಟ್ಯಾಗ್‌ನೊಳಗೆ ಬರೆಯುವ ಹೆಚ್ಚುವರಿ ವಿವರಕ್ಕೆ ಗುಣ ಎನ್ನುತ್ತಾರೆ. ಭಾಷೆಯನ್ನು ಹೇಳುವ ಲ್ಯಾಂಗ್ ಗುಣದಲ್ಲಿ ಕೆ, ಎನ್ ಎಂಬೆರಡು ಅಕ್ಷರ ಹಾಕಿ. ದೃಷ್ಟಿ ಇಲ್ಲದವರು ಬಳಸುವ ಓದುವ ತಂತ್ರಾಂಶ ಕನ್ನಡದ ದನಿಯನ್ನು ಆರಿಸಿಕೊಳ್ಳುವುದು ಇದನ್ನು ನೋಡಿಯೇ. ಎಷ್ಟೋ ಕನ್ನಡ ತಾಣಗಳು ಇಲ್ಲಿ ಇಂಗ್ಲಿಷಿನ ಸಂಕೇತವನ್ನೇ ಬಿಟ್ಟಿರುವುದು ಬೇಸರದ ಸಂಗತಿ.

ಪುಟದ ಬಗೆಗಿನ ಮಾಹಿತಿ ಇರುವ ಹೆಡ್ ಒಳಗೆ ಎಲ್ಲಕ್ಕಿಂತ ಮೊದಲು, ಕಡತದ ಎನ್‌ಕೋಡಿಂಗ್ ಯಾವುದೆಂದು ಹೇಳುವ ಮೆಟಾ ಚಾರ್‌ಸೆಟ್ ಸಾಲು ಬರಲಿ. ಕಡತದ ಮೊದಲ 1024 ಬೈಟ್‌ಗಳೊಳಗೆ ಅದು ಸಿಗಬೇಕೆಂಬುದು ನಿಯಮ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. 'ಕನ್ನಡ' ಎಂಬ ಪದದಲ್ಲಿ ಕ, ನ, ವಿರಾಮ (ಒತ್ತಕ್ಷರ ಮೂಡಿಸುವ ಚಿಹ್ನೆ), ನ, ಡ ಎಂದು ಐದು ಸಂಕೇತಗಳಿವೆ, ಒಟ್ಟು 15 ಬೈಟ್. ಚಾರ್‌ಸೆಟ್ ಹೇಳದಿದ್ದರೆ ಬ್ರೌಸರ್ ಊಹಿಸಬೇಕಾಗುತ್ತದೆ. ಊಹೆ ತಪ್ಪಿದರೆ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಓದಿ, ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ಸಣ್ಣ 'ಎ'ಯನ್ನು ಮತ್ತೆ ಮತ್ತೆ ತೋರಿಸುತ್ತದೆ. ಕನ್ನಡದ ಎಲ್ಲ ಸಂಕೇತಗಳ ಮೊದಲ ಬೈಟ್ ಒಂದೇ ಆಗಿರುವುದರಿಂದ ಹಾಗಾಗುತ್ತದೆ. ಈ ರೂಪ ಕಂಡರೆ ಗಾಬರಿ ಬೇಡ. ಬರಹ ಕೆಟ್ಟಿಲ್ಲ, ಚಾರ್‌ಸೆಟ್ ಸಾಲು ಸೇರಿಸಿದರೆ ಸರಿಹೋಗುತ್ತದೆ.

ಗೀಟಿನ ಸಣ್ಣ 'ಎ'ಯ ಬದಲು, ಗೀಟಿನ ದೊಡ್ಡ 'ಎ' ಬೆರೆತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ಕಾಯಿಲೆ ಬೇರೆ. ಆ ಪಠ್ಯವನ್ನು 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಆನ್ಸಿ ಫಾಂಟ್‌ನಲ್ಲಿ ಟೈಪ್ ಮಾಡಿರುತ್ತಾರೆ. ಅಲ್ಲಿ ಇಂಗ್ಲಿಷಿನ ಸಂಕೇತಗಳಿಗೆ ಕನ್ನಡದ ರೂಪ ತೊಡಿಸಿರುತ್ತದೆ, ಅಷ್ಟೆ. ಅದನ್ನು ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯೂನಿಕೋಡ್‌ಗೆ ಪರಿವರ್ತಿಸಿಕೊಂಡೇ ಅಂಟಿಸಬೇಕು.

ಹೆಡ್‌ನಲ್ಲಿ ಇನ್ನೆರಡು ಸಾಲು ಬೇಕು. ಒಂದು ಪುಟದ ಹೆಸರು ಹೇಳುವ ಟೈಟಲ್. ಇನ್ನೊಂದು ಪುಟದ ಅಗಲವನ್ನು ಪರದೆಗೆ ಹೊಂದಿಸುವ ವ್ಯೂಪೋರ್ಟ್, ಅದಿಲ್ಲದಿದ್ದರೆ ಮೊಬೈಲ್ ಬ್ರೌಸರ್ ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲಕ್ಕೆ ಹರಡಿ ಆಮೇಲೆ ಕುಗ್ಗಿಸುತ್ತದೆ, ಒತ್ತಕ್ಷರಗಳು ಇರುವೆಯಷ್ಟಾಗುತ್ತವೆ.

ಇನ್ನು ಓದುಗರಿಗೆ ಕಾಣುವ ಭಾಗವಾದ ಬಾಡಿ. ಶೀರ್ಷಿಕೆಗೆ ಎಚ್1, ಪರಿಚಯದ ಮಾತಿಗೆ ಪಿ. ಅಕ್ಕಿ, ತೆಂಗಿನತುರಿ, ಉಪ್ಪು ಯಾವ ಕ್ರಮದಲ್ಲಿದ್ದರೂ ನಡೆಯುತ್ತದೆ, ಆದ್ದರಿಂದ ಅದಕ್ಕೆ ಯುಎಲ್. ನೆನೆಸುವುದು, ರುಬ್ಬುವುದು, ಹುಯ್ಯುವುದು ಹಿಂದುಮುಂದಾಗುವಂತಿಲ್ಲ, ಅದಕ್ಕೆ ಓಎಲ್. ಎರಡರಲ್ಲೂ ಒಂದೊಂದು ಸಾಲಿಗೆ ಎಲ್‌ಐ. ಟ್ಯಾಗ್ ಹೇಳಬೇಕಾದದ್ದು ಒಳಗಿರುವುದು ಏನು ಎಂಬುದನ್ನು, ಹೇಗೆ ಕಾಣಬೇಕು ಎಂಬುದನ್ನಲ್ಲ. ಅಕ್ಷರ ದಪ್ಪವಾಗಲಿ ಎಂದು ಪ್ಯಾರಾಕ್ಕೆ ಎಚ್1 ಹಾಕಬೇಡಿ.

ಚಿತ್ರಕ್ಕೆ ಐಎಂಜಿ. ಇದಕ್ಕೆ ಮುಚ್ಚುವ ಟ್ಯಾಗ್ ಇಲ್ಲ. ಚಿತ್ರದ ಬದಲಿಗೆ ಓದುವ ವಿವರಣೆಯಾದ ಆಲ್ಟ್ ಗುಣದಲ್ಲಿ 'ಬಾಳೆಲೆಯ ಮೇಲೆ ಮಡಚಿಟ್ಟ ನೀರ್ ದೋಸೆ' ಎಂಬಂತೆ ಕಂಡದ್ದನ್ನು ಬರೆಯಿರಿ. ಚಿತ್ರದ ಹೆಸರಲ್ಲಿ ಇಂಗ್ಲಿಷ್ ಸಣ್ಣ ಅಕ್ಷರ ಮತ್ತು ಅಡ್ಡಗೆರೆ ಮಾತ್ರ ಇರಲಿ, ಖಾಲಿ ಜಾಗ ಬೇಡ. ವಿಂಡೋಸ್‌ಗೆ ದೊಡ್ಡ, ಸಣ್ಣ ಅಕ್ಷರಗಳ ಭೇದವಿಲ್ಲ, ಲಿನಕ್ಸ್ ಸರ್ವರ್‌ಗೆ ಇದೆ. ಮನೆಯಲ್ಲಿ ಕಂಡ ಚಿತ್ರ ಇಂಟರ್ನೆಟ್ಟಿಗೆ ಹೋದೊಡನೆ ಮಾಯವಾಗಲು ಬಹಳ ಸಲ ಇದೇ ಕಾರಣ. ಇನ್ನೊಂದು ಕಾರಣ, ಚಿತ್ರ ಎಲ್ಲಿದೆ ಎಂದು ಹೇಳುವ ಎಸ್‌ಆರ್‌ಸಿ ಗುಣದಲ್ಲಿ ನಿಮ್ಮದೇ ಕಂಪ್ಯೂಟರಿನ ಸಿ ಡ್ರೈವ್‌ನ ದಾರಿ ಬರೆದಿರುವುದು. ಚಿತ್ರವನ್ನು ಪುಟದ ಫೋಲ್ಡರಿನಲ್ಲೇ ಇಟ್ಟು ಬರೀ ಹೆಸರು ಕೊಡಿ.

ಕೊಂಡಿಗೆ 'ಎ' ಟ್ಯಾಗ್, ವಿಳಾಸ ಅದರ ಎಚ್‌ರೆಫ್ ಗುಣದಲ್ಲಿ, ಉದ್ಧರಣ ಚಿಹ್ನೆಗಳ ನಡುವೆ. ವರ್ಡ್‌ನಿಂದ ಅಂಟಿಸಿದ ಬಾಗಿದ ಉದ್ಧರಣ ಚಿಹ್ನೆಗಳಿದ್ದರೆ ಬ್ರೌಸರ್ ಅವನ್ನೂ ವಿಳಾಸದ ಭಾಗವೆಂದುಕೊಂಡು ಎಲ್ಲಿಗೋ ಹೋಗುತ್ತದೆ. ನೇರ ಚಿಹ್ನೆಗಳೇ ಆಗಬೇಕು.

ಪುಟ ಹೇಗೆ ಕಾಣಬೇಕೆಂದು ಹೇಳುವ ಭಾಷೆ ಸಿಎಸ್‌ಎಸ್. ಕನ್ನಡಕ್ಕೆಂದೇ ಅದರ ಒಂದು ಸಾಲು: ಬಾಡಿಗೆ ಲೈನ್-ಹೈಟ್ (ಸಾಲಿನ ಎತ್ತರ) 1.6 ಕೊಡಿ. ಇಂಗ್ಲಿಷಿಗೆ ಒಗ್ಗುವ ಇಕ್ಕಟ್ಟಿನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಎಚ್‌ಟಿಎಂಎಲ್‌ನಲ್ಲಿ ತಪ್ಪಾದರೆ ಬ್ರೌಸರ್ ಏನೂ ಹೇಳುವುದಿಲ್ಲ, ತನಗೆ ತೋಚಿದಂತೆ ತಿದ್ದಿಕೊಂಡು ಮುಂದೆ ಹೋಗುತ್ತದೆ. ಎಚ್1 ಮುಚ್ಚದಿದ್ದರೆ ಕೆಳಗಿನ ಪ್ಯಾರಾವೂ ದೊಡ್ಡದಾಗುತ್ತದೆ. ಒತ್ತಿ ಹೇಳುವ ಮಾತಿಗೆ ಬಳಸುವ ಸ್ಟ್ರಾಂಗ್ ಟ್ಯಾಗ್ ಮುಚ್ಚದಿದ್ದರೆ ಅಲ್ಲಿಂದ ಕೊನೆವರೆಗೂ ದಪ್ಪಕ್ಷರ. ಒಂದು ಉದ್ಧರಣ ಚಿಹ್ನೆ ಬಿಟ್ಟರೆ ಮುಂದಿನ ಚಿಹ್ನೆವರೆಗಿನ ಪಠ್ಯವೆಲ್ಲ ಕಾಣೆಯಾಗುತ್ತದೆ. ಬಲ ಕ್ಲಿಕ್ ಮಾಡಿ 'ಇನ್‌ಸ್ಪೆಕ್ಟ್' ನೋಡಿದರೆ ಸಿಗುವುದು ಬ್ರೌಸರ್ ತಿದ್ದಿಕೊಂಡ ರೂಪ, ನೀವು ಬರೆದದ್ದು ಕಂಟ್ರೋಲ್ ಮತ್ತು ಯು ಒತ್ತಿದಾಗ ಕಾಣುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ತಪ್ಪು ಸಿಗದಿದ್ದರೆ ವೆಬ್‌ನ ನಿಯಮಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ಉಚಿತ ವ್ಯಾಲಿಡೇಟರ್‌ಗೆ (ತಪ್ಪು ಹುಡುಕುವ ಸಾಧನ) ಪುಟವನ್ನು ಹಾಕಿ, ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ಹತ್ತು ದೋಷ ತೋರಿಸಿದರೂ ಮೊದಲನೆಯದನ್ನಷ್ಟೇ ತಿದ್ದಿ ಮತ್ತೆ ಪರೀಕ್ಷಿಸಿ, ಉಳಿದವುಗಳಲ್ಲಿ ಹಲವು ಅದರಿಂದಲೇ ಹುಟ್ಟಿರುತ್ತವೆ.