ಎರವಲು ಉಡುಪು

ಇಂದು ತರಗತಿಯಲ್ಲಿ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ 5ನೆಯ ಅಂಕ ಓದುವಾಗ ಸ್ಕಾಟ್ಲೆಂಡಿನ ಸರದಾರ ಆಂಗಸ್‌ನ ಮಾತೊಂದರ ಮೇಲೆ ಕಣ್ಣು ನಿಂತುಬಿಟ್ಟಿತು: ದೈತ್ಯನ ನಿಲುವಂಗಿಯನ್ನು ಕುಳ್ಳ ಕಳ್ಳನೊಬ್ಬ ತೊಟ್ಟಂತೆ, ದೊರೆ ಡಂಕನ್‌ನನ್ನು ಕೊಂದು ಪಡೆದ ರಾಜಪದವಿ ಮ್ಯಾಕ್‌ಬೆತ್‌ನ ಮೈಮೇಲೆ ಜೋಲುತ್ತಿದೆಯಂತೆ.

ಕೂಡಲೇ ಮೊದಲ ಅಂಕಕ್ಕೆ ಪುಟ ತಿರುಗಿಸಿದೆ.

ಕಾಡರ್‌ನ ಥೇನ್, ಅಂದರೆ ಅಲ್ಲಿನ ಸಾಮಂತ, ಇನ್ನೂ ಬದುಕಿರುವಾಗ ನನಗೇಕೆ ಆ ಪದವಿಯ ಎರವಲು ಉಡುಪು ತೊಡಿಸುತ್ತೀರಿ ಎಂದು ಕೇಳಿದವನು ಇದೇ ಮ್ಯಾಕ್‌ಬೆತ್. ಹೊಸ ಬಟ್ಟೆ ಮೈಗೆ ಹೊಂದಲು ಬಳಕೆ ಬೇಕು ಎನ್ನುತ್ತಾನೆ ಜೊತೆಗಿದ್ದ ದಂಡನಾಯಕ ಬ್ಯಾಂಕೋ. ಡಂಕನ್‌ನ ಕೊಲೆಯಾದ ಮೇಲೆ, ಹೊಸದಕ್ಕಿಂತ ಹಳೆಯ ಉಡುಪೇ ಹಿತವಾಗಿತ್ತು ಎನ್ನುವಂತಾದೀತೆಂದು ಇನ್ನೊಬ್ಬ ಸರದಾರ ಮ್ಯಾಕ್‌ಡಫ್ ಅಂಜುತ್ತಾನೆ.

ರಕ್ತ, ನಿದ್ರೆ, ಕತ್ತಲೆಗಳ ಬಗ್ಗೆ ಪರೀಕ್ಷೆಯಲ್ಲಿ ನಾವೆಲ್ಲ ಬರೆಯುತ್ತೇವೆ. ನನ್ನನ್ನು ಹೆಚ್ಚು ಕಾಡುವುದು ಈ ಬಟ್ಟೆಯೇ. ಏಕೆಂದರೆ ಕೊಲೆಗೆ ಮುನ್ನ, ತನ್ನನ್ನು ಮುಂದೆ ನೂಕಲು ಅಳತೆಮೀರಿ ಜಿಗಿಯುವ ಮಹತ್ವಾಕಾಂಕ್ಷೆಯ ಹೊರತು ಬೇರೇನೂ ಇಲ್ಲವೆಂದು ಒಪ್ಪಿಕೊಂಡವನೇ, ಯುದ್ಧದಲ್ಲಿ ಗಳಿಸಿದ ಜನಮೆಚ್ಚುಗೆಯನ್ನು ಹೊಳಪು ಮಾಸುವ ಮೊದಲೇ ತೊಡಬೇಕು, ಇಷ್ಟು ಬೇಗ ಬಿಸಾಡಬಾರದು ಎಂದು ಹೆಂಡತಿಗೆ ಹೇಳುತ್ತಾನೆ. ಆ ಉಡುಪು ಅವನ ಅಳತೆಗೇ ಇತ್ತು, ಅದು ಅವನಿಗೆ ಗೊತ್ತೂ ಇತ್ತು. ಆದರೂ ಅದೇ ದೃಶ್ಯ ಮುಗಿಯುವಷ್ಟರಲ್ಲಿ ಕೊಲೆಗೆ ಮನಸ್ಸು ಗಟ್ಟಿಮಾಡಿಕೊಂಡಿರುತ್ತಾನೆ.