ಟ್ರಾವೆಲರ್ ಕಿಟಕಿಗೆ ಗುಳೇದಗುಡ್ಡದ ಖಣ

ಪುಣೆ, 11 ಮೇ 2025, ಭಾನುವಾರ

ಪ್ರವಾಸದಲ್ಲಿ ಒಳಗೇ ಮಲಗಲು ಬರುವ ಹಾಗೆ ಕ್ಯಾಂಪರ್ ಮಾಡಿಕೊಂಡಿರುವ ನಮ್ಮ ಟ್ರಾವೆಲರ್ ವ್ಯಾನಿನ ಹಳೇ ಪೆಲ್ಮೆಟ್‌ಗಳನ್ನೆಲ್ಲ ಇವತ್ತು ಕಿತ್ತು ಹಾಕಿದೆವು. ಕಿಟಕಿಯ ಬ್ಲೈಂಡ್ ಸುರುಳಿ ಕಾಣದ ಹಾಗೆ ಮೇಲೆ ಕೂರಿಸಿದ್ದ ಪಾರ್ಟಿಕಲ್ ಬೋರ್ಡಿನ ಪಟ್ಟಿಗಳು, ಅದರ ಮೇಲೆ ಕಂದು ರೆಕ್ಸಿನ್. ಕಿಟಕಿಯ ರಬ್ಬರಿನಿಂದ ಮಳೆನೀರು ಜಿನುಗಿ ಅಂಚೆಲ್ಲ ಉಬ್ಬಿತ್ತು. ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಈ ಬೋರ್ಡು ಒಮ್ಮೆ ನೀರು ಕುಡಿದರೆ ಮುಗಿಯಿತು.

ಹೊಸದಕ್ಕೆ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ಟಿನಿಂದ 6 ಎಂಎಂ ಮರೈನ್ ಪ್ಲೈ, ಅಂದರೆ ನೀರು ತಡೆಯುವ ಪ್ಲೈವುಡ್, ತಂದಿದ್ದೆ. ಹಾಳೆಯ ಮೇಲೆ ಮರೈನ್ ಪ್ಲೈನ ಭಾರತೀಯ ಮಾನಕವಾದ ಐಎಸ್ 710ರ ಮುದ್ರೆ ನೋಡಿಯೇ ಕೊಳ್ಳಬೇಕು. ಅಂಗಡಿಯವರು 12 ಎಂಎಂ ಹಾಕಿ ಅಂದರು. ಮನೆಗಾದರೆ ಸರಿ. ಗಾಡಿಯಲ್ಲಿ ಅಷ್ಟು ಎತ್ತರದಲ್ಲಿ ಭಾರ ಜಾಸ್ತಿಯಾದರೆ ಘಾಟಿನ ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ.

ಬಟ್ಟೆಯ ವಿಷಯ ಅಕ್ಕನದು. "ಸೋಫಾ ಬಟ್ಟಿ ಬ್ಯಾಡೋ ತಮ್ಮಾ, ಖಣ ಹಾಕು" ಅಂದಳು. ಇಲ್ಲಿ ಲಕ್ಷ್ಮಿ ರೋಡಿನಲ್ಲೂ ಖಣ ಸಿಗುತ್ತದೆ, ಮರಾಠಿ ಹೆಣ್ಣುಮಕ್ಕಳಿಗೂ ಅದು ಇಷ್ಟ. ಆದರೆ ಅಕ್ಕ ಬಾಗಲಕೋಟೆಯಿಂದ ಬರುವಾಗಲೇ ಗುಳೇದಗುಡ್ಡದ ಖಣ ತಂದಿದ್ದಳು. ಕುಪ್ಪಸಕ್ಕೆಂದು ನೇಯುವ ಬಟ್ಟೆ, ಅಗಲ ಕಡಿಮೆ. ಪೆಲ್ಮೆಟ್ಟಿಗೆ ಅಷ್ಟು ಅಗಲ ಸಾಕು, ಉದ್ದಕ್ಕೆ ಹಾಸಿದರೆ ನಡುವೆ ಜೋಡಿಸುವ ಹೊಲಿಗೆಯೂ ಬೇಡ. ಕೆಂಪು ನೆಲದ ಮೇಲೆ ಆ ಸಣ್ಣ ಸಣ್ಣ ಬುಟ್ಟಾಗಳು ಎಷ್ಟು ಚೆಂದ! ಬಿಸಿಲಿಗೆ ಬಣ್ಣ ಮಾಸುತ್ತದೆ ಅನ್ನುವ ಕಾರಣಕ್ಕೆ ಗಾಜಿನ ಕಡೆ ದಪ್ಪ ಬಿಳಿ ಬಟ್ಟೆ ಹೊದಿಸಿದೆವು.

ಪ್ಲೈ ಅಂಚಿಗೆ ವಾರ್ನಿಷ್ ಕುಡಿಸಿ ಒಣಗಿಸಿ, ತೆಳು ಫೋಮ್ ಅಂಟಿಸಿ, ಮೇಲೆ ಖಣ ಎಳೆದು ಹಿಂದೆ ಸ್ಟೇಪಲ್ ಹೊಡೆಯಬೇಕು. ಮೊದಲ ಪಿನ್ನು ಸರಿ ಮಧ್ಯಕ್ಕೆ. ಅಲ್ಲಿಂದ ಎರಡೂ ತುದಿಗೆ ಸ್ವಲ್ಪ ಸ್ವಲ್ಪ ಸಾಗಬೇಕು. ಒಂದು ತುದಿಯಿಂದ ಶುರು ಮಾಡಿದರೆ ಬುಟ್ಟಾಗಳ ಸಾಲು ಸೊಟ್ಟಗಾಗುತ್ತದೆ. ಅಕ್ಕ ಎಳೆದು ಹಿಡಿದಳು, ನಾನು ಹೊಡೆದೆ. ಮೂಲೆಗಳು ಮಾತ್ರ ತುಂಬಾ ತಾಳ್ಮೆ ಬೇಡುತ್ತವೆ.

ಕೂರಿಸಲು ಬರೀ ಸ್ಕ್ರೂ ಸಾಲದು, ಓಡುವ ಗಾಡಿಯ ಅದುರಿಗೆ ಸಡಿಲವಾಗುತ್ತವೆ. ಎಲ್ ಕ್ಲ್ಯಾಂಪಿಗೆ ಬೋಲ್ಟು, ಅದಕ್ಕೆ ನೈಲಾನ್ ಕೂರಿಸಿದ ನಟ್ಟು. ಇಷ್ಟಾದರೆ ಕಿರಿಕಿರಿ ಸದ್ದಿಲ್ಲ.

ಹಿಂದಿನ ಕಿಟಕಿ ಬಾಕಿ ಇದೆ. ಅದರ ರಬ್ಬರನ್ನು ಮಳೆಗಾಲಕ್ಕೆ ಮೊದಲು ಬದಲಾಯಿಸಿ, ನೀರು ಹೊಡೆದು ನೋಡಿ, ಆಮೇಲೇ ಅಲ್ಲಿ ಖಣ.